ಬಿಲಕ್ಕೆ ಹಾಕಿದ ವಿಷ ಬಿಲದಲ್ಲೇ ಉಳಿಯದು

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಎರೆಭೂಮಿ ತೊಗರಿಗೆ ಹೆಸರಾದುದು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಈ ಹೊಲಗಳ ಒಡ್ಡುಗಳಲ್ಲಿ ಬಿಲ ತೋಡಿ ಬದುಕುವ ಹೆಗ್ಗಣ, ಇಲಿಗಳು ರೈತನ ದುಡಿಮೆಯಲ್ಲಿ ಪಾಲು ಕೇಳುತ್ತವೆ. ಹೆಗ್ಗಣವಂತೂ ತಿಂದುದು ಸಾಲದೆಂಬಂತೆ ಕಾಳು, ತೆನೆಗಳನ್ನು ಬಿಲದೊಳಗೆ ಕೂಡಿಡುತ್ತದೆ. ಈ ನಷ್ಟ ನಿಜವಾದುದು. ಅದನ್ನು ಹಗುರವಾಗಿ ಕಾಣುವಂತಿಲ್ಲ.

ಆದರೆ ಇದಕ್ಕೆ ವಿಷವೊಂದೇ ಮದ್ದೆಂಬ ನಂಬಿಕೆ ಅಪಾಯಕಾರಿ. ಕಾಳಿಗೆ ಬೆರೆಸಿದ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲದೊಡನೆ ಸೇರಿ ಫಾಸ್ಫೀನ್ ಅನಿಲವಾಗುತ್ತದೆ. ಈ ಅನಿಲಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಆ ಕಾಳನ್ನು ನವಿಲೂ ಹೆಕ್ಕಬಹುದು, ಮನೆಯ ಕೋಳಿಯೂ ತಿನ್ನಬಹುದು. ಅರೆಬರೆ ತಿಂದು ಬದುಕುಳಿದ ಇಲಿ ಮಾತ್ರ ಮತ್ತೆ ಅದರತ್ತ ಸುಳಿಯದು. ಬ್ರೋಮಾಡಿಯೋಲೋನ್ ತಿಂದ ಇಲಿ ಹಲವು ದಿನ ಬದುಕಿ, ನಿತ್ರಾಣವಾಗಿ ಅಲೆಯುತ್ತದೆ. ಅದನ್ನು ಹಿಡಿದ ಗೂಬೆಯ ಯಕೃತ್ತಿನಲ್ಲಿ ಅದೇ ವಿಷ ಶೇಖರವಾಗುತ್ತದೆ. ಹೆಗ್ಗಣ ಸುಮಾರು ಮೂರು ವಾರಗಳಲ್ಲಿ ಗರ್ಭ ಕಳೆದು ಒಂದೇ ಸೂಲಿಗೆ ಹಲವು ಮರಿ ಹಾಕಬಲ್ಲುದು. ಗೂಬೆಗೆ ಆ ವೇಗವಿಲ್ಲ. ಹೀಗಾಗಿ ವಿಷವು ಶತ್ರುವಿಗಿಂತ ಮಿತ್ರನನ್ನೇ ಹೆಚ್ಚು ಕಾಲ ಇಲ್ಲವಾಗಿಸುತ್ತದೆ.

ಒಬ್ಬ ರೈತ ತನ್ನ ಹೊಲವನ್ನಷ್ಟೇ ಶುದ್ಧಗೊಳಿಸಿದರೆ ನೆರೆಯ ಒಡ್ಡಿನ ಇಲಿಗಳು ಬಂದು ತೆರವಾದ ಬಿಲಗಳನ್ನು ತುಂಬುತ್ತವೆ. ತೊಗರಿ ರಾಶಿ ಮುಗಿದು, ಮುಂಗಾರು ಬರುವ ಮುನ್ನ, ಹೊಲದಲ್ಲಿ ಆಹಾರ ವಿರಳವಾಗಿರುವ ಬೇಸಿಗೆಯೇ ತಕ್ಕ ಸಮಯ. ಆಗ ಇಡೀ ಊರು ಒಂದಾಗಿ ಬಿಲಗಳನ್ನು ಅಗೆಯಬೇಕು, ಒಡ್ಡಿನ ಕಳೆ ತೆಗೆಯಬೇಕು, ಬೋನು ಇಡಬೇಕು. ಬಿತ್ತನೆಯ ನಂತರ ಗೂಬೆ ಕೂರಲು ಹೊಲದಲ್ಲಿ ಅಡ್ಡಪಟ್ಟಿಯ ಗೂಟಗಳನ್ನು ನೆಡಬೇಕು. ಕೇರೆಹಾವನ್ನು ಕಂಡಲ್ಲಿ ಬಡಿಯುವುದೂ, ಗೂಬೆಯನ್ನು ಅಪಶಕುನವೆಂದು ಅಟ್ಟುವುದೂ ನಿಲ್ಲಬೇಕು.

ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಆದರೆ ಬೇಟೆಗಾಗಿ ಹೊಲಕ್ಕೆ ಹಾರಿಬರುವ ಗೂಬೆಗೆ ಆ ಗಡಿಯ ಅರಿವಿಲ್ಲ. ಧಾಮದೊಳಗೆ ರಕ್ಷಣೆ, ಹೊರಗಿನ ಹೊಲದಲ್ಲಿ ವಿಷ ಎಂಬ ನೀತಿಗೆ ಅರ್ಥವಿಲ್ಲ. ಗ್ರಾಮ ಪಂಚಾಯಿತಿ ಹಾಗೂ ರೈತ ಸಂಪರ್ಕ ಕೇಂದ್ರಗಳು ಸಾಮೂಹಿಕ ಇಲಿ ನಿಯಂತ್ರಣವನ್ನು ಪ್ರತಿ ಬೇಸಿಗೆಯ ಕಾರ್ಯಕ್ರಮವಾಗಿಸಿಕೊಳ್ಳಬೇಕು; ವಿಷ ಕೊನೆಯ ಉಪಾಯವಾಗಬೇಕು. ಬಯಲುಸೀಮೆಯ ಈ ಮಾತು ಮಲೆನಾಡಿನ ಗದ್ದೆಗಳ ಬದುವಿಗೂ ಸಲ್ಲುತ್ತದೆ. ಇಲಿಯೇ ಇಲ್ಲದ ಹೊಲ ಸಾಧ್ಯವಿಲ್ಲ. ಇಲಿ ಮಿತಿಮೀರದ ಹೊಲ ಸಾಧ್ಯ.