ಬಟ್ಟಲೊಳಗಿನ ಗರಡಿ

ಗರಡಿಮನೆಯ ಕೆಮ್ಮಣ್ಣಿನಲ್ಲಿ ಹೊರಳಿ ಬೆಳೆದ ತೋಳು ನಮ್ಮವರಿಗೆ ಹೊಸದಲ್ಲ. ಆದರೆ ದೇಹವೇ ಇಲ್ಲದೆ, ಬರಿಯ ಬಟ್ಟಲಲ್ಲಿ ಬೆಳೆದ ಸ್ನಾಯು ಸಾಮು ಮಾಡಿತೆಂದರೆ ನಂಬುವಿರಾ?

ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಇದು ನಡೆದಿದೆ. ನೆನಾದ್ ಬುರ್ಸಾಚ್, ಲಾರನ್ ಮ್ಯಾಡನ್ ಮೊದಲಾದವರು ಮನುಷ್ಯರ ಸ್ನಾಯುವಿನಿಂದ ಚಿಟಿಕೆಯಷ್ಟು ತೆಗೆದು, ಅದರ ಎಳೆಯ ಜೀವಕೋಶಗಳನ್ನು ಸಾವಿರ ಮಡಿಗೂ ಮಿಗಿಲಾಗಿ ಬೆಳೆಸಿ, ಅಂಟಿನಂಥ ಪೋಷಕ ದ್ರವ್ಯದಲ್ಲಿ ಹುದುಗಿಸಿದರು. ಕೋಶಗಳು ಒಂದಕ್ಕೊಂದು ಕೂಡಿ ಒಂದೇ ದಿಕ್ಕಿಗೆ ನೂಲಿನಂತೆ ಸಾಲುಗೊಂಡವು. ವಿದ್ಯುತ್ತು ಸೋಕಿದರೆ ಸೆಟೆದು ಕುಗ್ಗಿದವು. 2015ರಲ್ಲಿ ಈ ವಾರ್ತೆ ಪ್ರಕಟವಾಯಿತು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಔಷಧವನ್ನೂ ಅದರ ಮೇಲೆ ಪರೀಕ್ಷಿಸಿದರು.

2021ರ ಪ್ರಯೋಗ ನನಗೆ ಇನ್ನೂ ಹತ್ತಿರದ್ದು. ಸಂಧಿವಾತದಿಂದ ಮೂಲೆ ಹಿಡಿದ ನಮ್ಮ ಅತ್ತೆಯವರು, "ನೋಯುವ ಕಾಲಿಗೆ ನಡಿಗೆ ಬೇರೆ ಕೇಡೇನಮ್ಮ?" ಎನ್ನುತ್ತಿದ್ದರು. ಉರಿಯೂತದಲ್ಲಿ ಹೆಚ್ಚುವ ಇಂಟರ್‌ಫೆರಾನ್ ಗಾಮಾ ಎಂಬ ವಸ್ತುವನ್ನು ಏಳು ದಿನ ಸೇರಿಸಿದಾಗ ಬಟ್ಟಲಿನ ಸ್ನಾಯು ಬಡವಾಯಿತು, ಬಲಗುಂದಿತು. ಅದೇ ಹೊತ್ತಿನಲ್ಲಿ ವಿದ್ಯುತ್ತಿನಿಂದ ಸಾಮು ಮಾಡಿಸಿದ ಸ್ನಾಯುವಾದರೋ ಬಹುಮಟ್ಟಿಗೆ ಸೊರಗಲಿಲ್ಲ. ನರವಿಲ್ಲ, ರಕ್ತವಿಲ್ಲ, ಬೇರೆ ಅಂಗದ ನೆರವಿಲ್ಲ. ದುಡಿಮೆಯೇ ಅದಕ್ಕೆ ರಕ್ಷೆ!

ಬಟ್ಟಲಿನ ನಿಯಮ ಅತ್ತೆಯ ಮೊಣಕಾಲಿಗೆ ಹಾಗೆಯೇ ಹೊಂದುವುದೆಂದು ನಾನು ಹೇಳಲಾರೆ, ವೈದ್ಯರನ್ನೇ ಕೇಳಿದೆವು. ಅವರ ಒಪ್ಪಿಗೆಯ ಮೇಲೆ ಈಗ ದಿನವೂ ಸಂಜೆ ಚಾಳಿನ ಗ್ಯಾಲರಿಯಲ್ಲಿ ಮೂರು ಸುತ್ತು. ನಾಲ್ಕನೆಯದಕ್ಕೆ ಕರೆದರೆ, "ನಿನ್ನ ಬಟ್ಟಲಿಗೇ ಹೇಳು, ಹೋಗು" ಎಂದು ಗದರುತ್ತಾರೆ.