ಕಂದು ಕಡಲಿಗೆ ಸೊನ್ನೆ

ಕಳೆದ ರಾಜ್ಯೋತ್ಸವದ ಮಕ್ಕಳ ಚಿತ್ರಸ್ಪರ್ಧೆಯಲ್ಲಿ ನನಗೆ ಬಂದ ಪಾಲು ಅಂಕ ಕೂಡಿಸುವುದು. ಸಿ.ಎ. ಮಾಡಿದವನೆಂದು ಗೊತ್ತಾದ ಮೇಲೆ ಯಾವ ಸಂಘವೂ ನಿಮಗೆ ಬೇರೆ ಕೆಲಸ ಕೊಡುವುದಿಲ್ಲ. ವಿಷಯ ‘ನನ್ನೂರಿನ ಕಡಲು’. ಮನೆಯಲ್ಲೇ ಬರೆದು ತಂದ 32 ಚಿತ್ರಗಳನ್ನು ದುಬೈಯ ಒಂದು ಸಭಾಂಗಣದಲ್ಲಿ ಸಾಲಾಗಿ ಇಟ್ಟಿದ್ದರು. 31ರಲ್ಲಿ ಕಡಲು ನೀಲಿ. ಒಂದರಲ್ಲಿ ಮಾತ್ರ ಹಾಲು ಹೆಚ್ಚಾದ ಚಾದ ಬಣ್ಣ, ದಡದಲ್ಲಿ ಕೊಳೆಯಾದ ಬಿಳಿ ನೊರೆ, ಮೇಲೆ ಸೀಸದಂಥ ಆಕಾಶ. ಬರೆದವನು ಮಲ್ಪೆ ಕಡೆಯ ಹನ್ನೊಂದು ವರ್ಷದ ಹುಡುಗ.

ತೀರ್ಪುಗಾರರು ಅದರ ಮುಂದೆ ನಿಂತದ್ದು ಎರಡೇ ನಿಮಿಷ. ಒಬ್ಬರು, “ಕಡಲು ಹೀಗಿರುತ್ತದೆಯೇ?” ಎಂದರು. ಇನ್ನೊಬ್ಬರು ಕಾಗದವನ್ನು ಮೂಗಿನ ಹತ್ತಿರ ಹಿಡಿದು, “ಸ್ಪ್ರೇ ಹೊಡೆದಿದ್ದಾನೆ. ಇದು ಗ್ಯಾರೇಜ್ ಕೆಲಸ” ಎಂದರು. ನಿಯಮಾವಳಿಯ ನಾಲ್ಕನೇ ಸಾಲಿನಲ್ಲಿ ಸ್ಪ್ರೇ ಬಣ್ಣ ಸಲ್ಲದು ಎಂದಿತ್ತು, ನಿಜ. ನಾನು ಸೊನ್ನೆ ಬರೆದೆ, ಕೂಡಿಸಿದೆ, ಸಹಿ ಹಾಕಿದೆ. ಆ ಸೊನ್ನೆ ತಪ್ಪು ಎಂದು ಈಗ ಹೇಳಬೇಕಾಗಿದೆ.

ಮೊದಲು ಕಂದು ಬಣ್ಣದ ವಿಚಾರ. ಇಲ್ಲಿನ ಶಾಲೆಗಳಿಗೆ ರಜೆ ಸಿಗುವುದು ಜುಲೈ, ಆಗಸ್ಟ್‌ನಲ್ಲಿ. ನಮ್ಮ ಮಕ್ಕಳು ಊರಿಗೆ ಹೋಗುವುದೂ ಆಗಲೇ. ಅಂದರೆ ಅವರು ಕಣ್ಣಾರೆ ಕಂಡಿರುವ ಊರಿನ ಕಡಲು ಮಳೆಗಾಲದ್ದು ಮಾತ್ರ. ಉದ್ಯಾವರ ಹೊಳೆ, ಸ್ವರ್ಣಾ, ಸೀತಾ ಎಲ್ಲವೂ ಮುರಕಲ್ಲಿನ ಕೆಂಪು ಮಣ್ಣನ್ನು ತಂದು ಸುರಿಯುವ ಕಾಲ ಅದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ದೋಣಿಗಳೆಲ್ಲ ಬಂದರಿನಲ್ಲಿ. ಆ ಕಡಲು ನೀಲಿ ಅಲ್ಲವೇ ಅಲ್ಲ. ಉಳಿದ 31 ಮಕ್ಕಳಲ್ಲಿ ಹೆಚ್ಚಿನವರು ಕಂಡಿದ್ದೂ ಅದನ್ನೇ. ಆದರೆ ಅವರು ಬರೆದದ್ದು ಬಣ್ಣದ ಟ್ಯೂಬಿನ ಮೇಲೆ ‘ಸೀ ಬ್ಲೂ’ ಎಂದು ಅಚ್ಚಾಗಿದ್ದನ್ನು.

ಇಲ್ಲಿನ ಕೊಲ್ಲಿಯ ಕಥೆ ಬೇರೆ. ಸರಾಸರಿ ಆಳ ಸುಮಾರು 35 ಮೀಟರ್ ಅಷ್ಟೇ. ಚಿಪ್ಪು, ಹವಳಗಳ ಪುಡಿ ಸೇರಿದ ತಿಳಿ ಮರಳಿನ ತಳ. ಅದಕ್ಕೇ ಜುಮೇರಾದಲ್ಲಿ ನೀರು ಹಸಿರು ಬೆರೆತ ತಿಳಿನೀಲಿಯಾಗಿ ಹೊಳೆಯುತ್ತದೆ. ಅದೇ ನೀರು ಅಬುಧಾಬಿಯ ಕಾಂಡ್ಲಾ ಗಿಡಗಳ ನಡುವೆ ಕಪ್ಪು ಹಸಿರು, ಆಗಸ್ಟ್‌ನ ಧೂಳಿನ ಮಧ್ಯಾಹ್ನ ಹಳೆಯ ಅಲ್ಯೂಮಿನಿಯಂ ಪಾತ್ರೆ. ಸಾದಿಯಾತ್ ದ್ವೀಪದಲ್ಲಿ 2017ರಲ್ಲಿ ತೆರೆದ ಲೂವ್ರ್ ಅಬುಧಾಬಿಯ ಬಿಳಿ ಗೋಡೆಗಳ ನಡುವೆ ಕಡಲ ನೀರನ್ನೇ ಬಿಟ್ಟಿದ್ದಾರೆ. ಗಂಟೆಗೊಮ್ಮೆ ಹೋಗಿ ನಿಂತರೆ ಗಂಟೆಗೊಂದು ಬಣ್ಣ. ತೀರ್ಪುಗಾರರನ್ನು ಒಂದು ದಿನ ಅಲ್ಲಿ ಕೂರಿಸಬೇಕು.

ಬಣ್ಣದ ಹೆಸರುಗಳನ್ನು ನಂಬುವವರಿಗೆ ಇನ್ನೊಂದು ಮಾತು. ಅಲ್ಟ್ರಾಮರೀನ್ ಎಂದರೆ ಕಡಲಿನ ಬಣ್ಣ ಎಂದಲ್ಲ, ಕಡಲಾಚೆಯದು ಎಂದರ್ಥ. ಅಫ್ಘಾನಿಸ್ತಾನದ ಬದಖ್ಶಾನ್ ಗಣಿಯ ಕಲ್ಲು ಕಡಲು ದಾಟಿ ಇಟಲಿ ಸೇರಿದ್ದಕ್ಕೆ ಬಂದ ಹೆಸರು. ನಮ್ಮ ಹಾಗೆ ಅದೂ ಅನಿವಾಸಿ. 1820ರ ದಶಕದ ಕೊನೆಯಲ್ಲಿ ಅದನ್ನು ಕೃತಕವಾಗಿ ತಯಾರಿಸುವ ವಿಧಾನ ಸಿಕ್ಕಿತು. ನಮ್ಮ ಅಮ್ಮಂದಿರು ಬಿಳಿ ಪಂಚೆಗೆ ಹಾಕುತ್ತಿದ್ದ ರಾಬಿನ್ ನೀಲಿ ಅದೇ. ಕಡಲಿನಿಂದಲೇ ಚಿತ್ರಕಾರರಿಗೆ ಬಂದ ಬಣ್ಣ ಬೇಕೆಂದರೆ ಬೊಂಡಾಸಿನ ಜಾತಿಯ ಮೀನಿನ ಶಾಯಿಯಿಂದ ಬಂದ ಸೆಪಿಯಾ ಇದೆ. ಅದು ಕಂದು!

ಇನ್ನು ‘ಗ್ಯಾರೇಜ್ ಕೆಲಸ’. ಇಂಡೋನೇಷ್ಯಾದ ಸುಲಾವೆಸಿಯ ಗುಹೆಗಳಲ್ಲಿ ಮನುಷ್ಯರು ಬಂಡೆಯ ಮೇಲೆ ಅಂಗೈ ಇಟ್ಟು ಸುತ್ತ ಕೆಂಪು ಬಣ್ಣ ಊದಿ ಸುಮಾರು 40,000 ವರ್ಷಗಳಾದವು. ಮೆಕ್ಸಿಕೋದ ಭಿತ್ತಿಚಿತ್ರಕಾರ ಸಿಕೇರೋಸ್ 1930ರ ದಶಕದಲ್ಲೇ ಕಾರಿನ ಬಣ್ಣವನ್ನೂ ಸ್ಪ್ರೇ ಗನ್ನನ್ನೂ ಕಲೆಗೆ ತಂದ. ಒತ್ತಿದರೆ ಚಿಮ್ಮುವ ಡಬ್ಬಿ ಅಮೆರಿಕದಲ್ಲಿ ಬಂದದ್ದು 1949ರಲ್ಲಿ. ದೂರದ ಮಾತೇಕೆ, ಇದೇ ದುಬೈಯಲ್ಲಿ 2014ರ ರಾಷ್ಟ್ರೀಯ ದಿನಕ್ಕೆ ಎರಡು ಕಿಲೋಮೀಟರಿಗೂ ಉದ್ದದ ಗ್ರಾಫಿಟಿ ಸುರುಳಿ ಬರೆಸಿ ಗಿನ್ನೆಸ್ ದಾಖಲೆ ಮಾಡಿದರು. ಸತ್ವಾದ ಸೆಕೆಂಡ್ ಡಿಸೆಂಬರ್ ರಸ್ತೆಯ ಕಟ್ಟಡಗಳ ಮೇಲೆ ಸರಕಾರವೇ ದೊಡ್ಡ ದೊಡ್ಡ ಚಿತ್ರ ಬರೆಸಿದೆ. ನಮ್ಮವರು ಅದರ ಮುಂದೆ ನಿಂತು ಸೆಲ್ಫಿ ತೆಗೆಯುತ್ತಾರೆ, ಸಂಘಕ್ಕೆ ಬಂದು ಹನ್ನೊಂದರ ಹುಡುಗನಿಗೆ ಸೊನ್ನೆ ಹಾಕುತ್ತಾರೆ.

ಹುಡುಗನ ತಂದೆ ಅಲ್ ಖೂಜ್‌ನ ಒಂದು ಗ್ಯಾರೇಜಿನಲ್ಲಿ ಪೇಂಟರ್. ಅದೇ ಅಲ್ ಖೂಜ್‌ನಲ್ಲಿ, ಹಿಂದೆ ಅಮೃತಶಿಲೆಯ ಕಾರ್ಖಾನೆ ಇದ್ದ ಜಾಗದಲ್ಲಿ, ಅಲ್‌ಸರ್ಕಾಲ್ ಅವೆನ್ಯೂದ ಗ್ಯಾಲರಿಗಳಿವೆ. ಅಲ್ಲಿ ಗೋಡೆಗೆ ಹತ್ತಿದ್ದನ್ನು ಕಲೆ ಎಂದು ನೋಡಲು ನಾವು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗುತ್ತೇವೆ. ಹತ್ತು ವರ್ಷ ಬಿಸಿಲು ತಿಂದು ಮಾಸಿದ ಕಾರಿನ ಬಾಗಿಲಿಗೆ ಗುರುತು ಸಿಗದಂತೆ ಬಣ್ಣ ಹೊಂದಿಸುವವನನ್ನು ಮಾತಾಡಿಸುವುದು ಬಿಲ್ಲಿನಲ್ಲಿ ಚೌಕಾಸಿ ಮಾಡಲು ಮಾತ್ರ. ಡಬ್ಬಿಯನ್ನು ಒಂದು ಗೇಣು ದೂರ ಹಿಡಿಯಬೇಕು, ಕೈ ನಿಲ್ಲಿಸಬಾರದು, ಅಂಚಿನ ಹೊರಗೆ ಶುರುಮಾಡಿ ಅಂಚಿನ ಹೊರಗೇ ಬಿಡಬೇಕು, ಒಂದೇ ಸಲ ದಪ್ಪಗೆ ಹೊಡೆದರೆ ಸೋರುತ್ತದೆ. ಇದನ್ನೆಲ್ಲ ನನಗೆ ಹೇಳಿದ್ದು ಅವರೇ, ಬಹುಮಾನ ಹಂಚಿಕೆ ಮುಗಿದ ಮೇಲೆ, ಪಾರ್ಕಿಂಗ್‌ನಲ್ಲಿ. ದೂರು ಹೇಳಲು ಬಂದಿರಲಿಲ್ಲ. “ನಿಯಮ ಓದದ್ದು ನಮ್ಮದೇ ತಪ್ಪು ಸರ್. ಆದ್ರೆ ನೀವೇ ಹೇಳಿ, ಆಟಿಯಲ್ಲಿ ನಮ್ಮ ಕಡಲು ನೀಲಿ ಇರ್ತದಾ?” ಎಂದರು. ನಾನು ಕರಾವಳಿಯವನು. ಉತ್ತರ ಗೊತ್ತಿತ್ತು. ಸುಮ್ಮನೆ ತಲೆಯಾಡಿಸಿದೆ.

ಹೊಗೆ, ವಾಸನೆ, ಆರೋಗ್ಯ ಎನ್ನುವವರಿದ್ದಾರೆ. ಒಪ್ಪುತ್ತೇನೆ. ಡಬ್ಬಿಯೊಳಗೆ ಬ್ಯೂಟೇನ್, ಪ್ರೊಪೇನ್‌ನಂಥ ಉರಿಯುವ ಅನಿಲ, ಜೊತೆಗೆ ದ್ರಾವಕಗಳು. ಮುಚ್ಚಿದ ಕೋಣೆಯಲ್ಲಿ ಹೊಡೆಯಬಾರದು, ಬೇಸಗೆಯಲ್ಲಿ ಕಾರಿನೊಳಗೆ ಬಿಟ್ಟರೆ ಸಿಡಿಯಬಹುದು. ಹಾಗಾದರೆ ನಿಯಮದಲ್ಲಿ ಬಯಲಲ್ಲಿ, ಮಾಸ್ಕ್ ಹಾಕಿ, ದೊಡ್ಡವರ ಎದುರಲ್ಲಿ ಎಂದು ಬರೆಯಿರಿ. ಅದೇ ದಿನ, ಅದೇ ಸಭಾಂಗಣದ ಕರಕುಶಲ ಮಳಿಗೆಯಲ್ಲಿ ‘ಓಷನ್ ಆರ್ಟ್’ ಎಂಬ ರೆಸಿನ್ ತಟ್ಟೆಗಳು 250 ದಿರ್ಹಂಗೆ ಒಂದರಂತೆ ಹೋಗುತ್ತಿದ್ದವು. ಎಲ್ಲದರಲ್ಲೂ ಅದೇ ತಿಳಿನೀಲಿ, ಅದೇ ಬಿಳಿ ನೊರೆಯ ಗೆರೆ. ಎಪಾಕ್ಸಿ ರೆಸಿನ್ ಕೂಡ ಗಟ್ಟಿಯಾಗುವ ಮೊದಲು ಚರ್ಮಕ್ಕೆ ಅಲರ್ಜಿ ತರುವ ರಾಸಾಯನಿಕವೇ. ಅದನ್ನು ಯಾರೂ ಮೂಸಿ ನೋಡಲಿಲ್ಲ. ರೆಸಿನ್ ತರಗತಿ ನಡೆಯುವುದು ವಿಲ್ಲಾಗಳಲ್ಲಿ, ಸ್ಪ್ರೇ ನಡೆಯುವುದು ಗ್ಯಾರೇಜಿನಲ್ಲಿ. ನಾಲ್ಕನೇ ಸಾಲು ಬರೆದವರ ಮನಸ್ಸಿನಲ್ಲಿ ಆರೋಗ್ಯ ಇತ್ತೆಂದು ನಾನು ನಂಬುವುದಿಲ್ಲ.

ಈ ವರ್ಷದ ನಿಯಮಾವಳಿಯ ಕರಡು ಹೋದ ವಾರ ನನ್ನ ಸಹಿಗೆ ಬಂತು. ನಾಲ್ಕನೇ ಸಾಲು ಹಾಗೇ ಇದೆ. ಅದರ ಮೇಲೆ ಕೆಂಪು ಗೆರೆ ಎಳೆದು, ಸಹಿ ಹಾಕದೆ ವಾಪಸು ಕಳಿಸಿದ್ದೇನೆ. ಜೊತೆಗೆ ಆ ಹುಡುಗನ ಚಿತ್ರವನ್ನು ಈ ಸಲ ವೇದಿಕೆಯ ಪಕ್ಕದಲ್ಲಿ ತೂಗುಹಾಕಬೇಕೆಂದೂ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.