ಬೋರ್ಡು ಹೋಗಿದೆ ಸಾರ್!

ಮನೆಯಲ್ಲಿ ಡೆಸ್ಕ್‌ಟಾಪ್ ಇಟ್ಟುಕೊಂಡವರಲ್ಲಿ ಈ ಮೂರು ಪದ ಕೇಳದವರು ಕಡಿಮೆ. ಕಂಪ್ಯೂಟರ್ ತಂತಾನೇ ಆಫ್ ಆಗ್ತಿದೆಯಾ? ಬೋರ್ಡು ಹೋಗಿದೆ ಸಾರ್. ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಬರ್ತಿಲ್ವಾ? ಬೋರ್ಡು ಹೋಗಿದೆ ಸಾರ್. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ಕ್ಯಾಬಿನೆಟ್ಟಿನ ಸ್ಕ್ರೂ ಬಿಚ್ಚುವ ಮೊದಲೇ ತೀರ್ಪು ರೆಡಿ.

ನನ್ನ ತಕರಾರು ಇಷ್ಟೇ. ‘ಬೋರ್ಡು ಹೋಗಿದೆ’ ಅನ್ನೋದು ಎಲ್ಲ ಪರೀಕ್ಷೆ ಮುಗಿದ ಮೇಲೆ ಕಟ್ಟಕಡೆಗೆ ಬರಬೇಕಾದ ಮಾತು. ನಮ್ಮಲ್ಲಿ ಅದು ಮೊಟ್ಟಮೊದಲಿಗೇ ಬರುತ್ತೆ. ಇದಕ್ಕೆ ರಿಪೇರಿಯವರಷ್ಟೇ ಕಾರಣ ಅಲ್ಲ, ದುಡ್ಡು ಕೊಡುವ ನಾವೂ ಕಾರಣ.

ಮೊದಲು ‘ಆಫ್ ಆಗುವ’ ರೋಗವನ್ನೇ ತಗೊಳ್ಳಿ. ಜ್ವರ ಅಂತ ಹೋದರೆ ಡಾಕ್ಟರು ಏನು ಕೇಳ್ತಾರೆ? ಯಾವಾಗಿಂದ, ಯಾವ ಹೊತ್ತಿಗೆ ಬರುತ್ತೆ ಅಂತ. ಕಂಪ್ಯೂಟರಿಗೂ ಅದೇ ಪ್ರಶ್ನೆ. ಬಟನ್ ಒತ್ತಿದ ನಾಲ್ಕೈದು ಸೆಕೆಂಡಿಗೆ, ಪ್ರತಿಸಲವೂ ಅಷ್ಟೇ ಹೊತ್ತಿಗೆ ಆಫ್ ಆಗ್ತಿದ್ದರೆ ಪವರ್ ಬಟನ್ನೇ ಒಳಗೆ ಸಿಕ್ಕಿಹಾಕಿಕೊಂಡಿರಬಹುದು. ನಾಲ್ಕು ಸೆಕೆಂಡು ಒತ್ತಿ ಹಿಡಿದರೆ ಆಫ್ ಆಗಬೇಕು ಅನ್ನೋದು ಯಂತ್ರಕ್ಕೆ ನಾವೇ ಕಲಿಸಿದ ಪಾಠ ತಾನೆ? ಹತ್ತು ನಿಮಿಷ ಓಡಿ ಆಫ್ ಆಗಿ, ಮತ್ತೆ ಆನ್ ಮಾಡಿದರೆ ಎರಡೇ ನಿಮಿಷಕ್ಕೆ ಆಫ್ ಆದರೆ ಬಿಸಿಯ ಮೇಲೆ ಅನುಮಾನ. ಈಗಿನ ಪ್ರೊಸೆಸರುಗಳು ಸುಮಾರು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಮೊದಲು ವೇಗ ಇಳಿಸಿಕೊಳ್ಳುತ್ತವೆ, ಆಮೇಲೂ ಬಿಸಿ ಏರಿದರೆ ತಮ್ಮ ಜೀವ ಉಳಿಸಿಕೊಳ್ಳಲು ಯಂತ್ರವನ್ನೇ ಆಫ್ ಮಾಡಿಸುತ್ತವೆ. ಬಿಸಿ ಇಲ್ಲ, ಆದರೆ ಗೇಮ್ ಆಡುವಾಗ, ವಿಡಿಯೋ ಎಡಿಟ್ ಮಾಡುವಾಗ ಮಾತ್ರ ಆಫ್ ಆಗುತ್ತೆ ಅಂದರೆ ಎಸ್.ಎಂ.ಪಿ.ಎಸ್. ನೋಡಬೇಕು. ಬಾವಿಯ ಪಂಪು ಶುರುವಾದಾಗಲೇ ಆಫ್ ಆಗುತ್ತೆ ಅಂದರೆ ಗೋಡೆಯಿಂದ ಬರುವ ಕರೆಂಟು, ಯು.ಪಿ.ಎಸ್. ಬ್ಯಾಟರಿ ನೋಡಬೇಕು.

ನೋಡಿ, ಒಂದೇ ಒಂದು ಪ್ರಶ್ನೆಗೆ ನಾಲ್ಕು ದಾರಿ ಸಿಕ್ಕವು. ಇದಕ್ಕೆ ಸ್ಕ್ರೂಡ್ರೈವರ್ ಕೂಡ ಬೇಡ!

ಇನ್ನು ‘ಡಿಸ್‌ಪ್ಲೇ ಇಲ್ಲ’ ರೋಗ. ಇಲ್ಲಿ ಇನ್ನೊಂದು ಮಾತು ಕೇಳಿ ನನ್ನ ಪಿತ್ತ ನೆತ್ತಿಗೇರುತ್ತೆ: “ಫಾರ್ಮ್ಯಾಟ್ ಮಾಡಿ ನೋಡೋಣ ಸಾರ್”. ಅಲ್ಲ ಸ್ವಾಮಿ, ಆನ್ ಮಾಡಿದ ಕೂಡಲೇ ಮದರ್‌ಬೋರ್ಡಿನಲ್ಲಿರುವ ಬಯಾಸ್ ಮೊದಲು ಪ್ರೊಸೆಸರ್, ರ‍್ಯಾಮ್, ವಿಡಿಯೋ ಎಲ್ಲ ಸರಿ ಇದೆಯಾ ಅಂತ ನೋಡಿಕೊಳ್ಳುತ್ತೆ. ಅದು ಪಾಸಾದ ಮೇಲೆ ತಾನೇ ಹಾರ್ಡ್ ಡಿಸ್ಕಿನಿಂದ ವಿಂಡೋಸ್ ಎದ್ದು ಬರುವುದು? ಕಂಪನಿಯ ಲೋಗೋ ಕೂಡ ಕಾಣದ ಯಂತ್ರದಲ್ಲಿ ವಿಂಡೋಸ್‌ನ ತಪ್ಪೇನು? ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡವರ ಕತೆ ಕೇಳಿದ್ದೇವೆ. ಇದು ಪಕ್ಕದ ಮನೆಯವನ ಮೂಗು ಕೊಯ್ಯುವ ವೈದ್ಯ. ಹೀಗೆ ಡಿಸ್ಕ್ ಬಿಚ್ಚಿ ಒಯ್ದು ಖಾಲಿ ಮಾಡಿದರೆ ಹೋಗುವುದು ಮಗುವಿನ ಮೊದಲ ಫೋಟೋ, ತೀರಿಕೊಂಡ ಅಜ್ಜಿಯ ದನಿ, ಅರ್ಧ ಬರೆದ ಕಾದಂಬರಿ. ಬೋರ್ಡು ಇನ್ನೊಂದು ಸಿಗುತ್ತೆ, ಅವು ಸಿಗಲ್ಲ.

ಬೋರ್ಡು ಬದುಕಿದೆಯಾ ಅಂತ ತಿಳಿಯಲು ಹಳೆಯದೊಂದು ಪರೀಕ್ಷೆ ಇದೆ. ಪ್ಲಗ್ ಕಿತ್ತು, ರ‍್ಯಾಮ್ ಎಲ್ಲ ತೆಗೆದು, ಬೋರ್ಡಿನಲ್ಲಿ ಪುಟ್ಟ ಸ್ಪೀಕರ್ ಇದೆಯಾ ನೋಡಿಕೊಂಡು ಮತ್ತೆ ಆನ್ ಮಾಡಿ. ಬೀಪ್ ಬೀಪ್ ಅಂತ ಕೂಗಿಕೊಂಡರೆ ಬೋರ್ಡು, ಪ್ರೊಸೆಸರ್ ಎರಡೂ ರ‍್ಯಾಮ್ ಹುಡುಕುವಷ್ಟಾದರೂ ಬದುಕಿವೆ ಅಂತ ಅರ್ಥ. ಸತ್ತವರು ಕೂಗಲ್ಲ. ಕೂಗಿನಲ್ಲೂ ಭಾಷೆ ಇದೆ. ಅವಾರ್ಡ್ ಬಯಾಸಿನಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ವಿಡಿಯೋ ತೊಂದರೆ. ಈಗಿನ ಎಷ್ಟೋ ಬೋರ್ಡುಗಳಲ್ಲಿ ಸ್ಪೀಕರ್ ಬದಲು ನಾಲ್ಕು ಪುಟಾಣಿ ದೀಪ ಇರುತ್ತವೆ: ಸಿ.ಪಿ.ಯು., ಡಿರ‍್ಯಾಮ್, ವಿ.ಜಿ.ಎ., ಬೂಟ್. ಯಾವುದು ಆರದೆ ಉಳಿಯುತ್ತೋ ಹುಡುಕಾಟ ಅಲ್ಲಿಂದ ಶುರು. ಇನ್ನು ಹೊಸ ಡಿ.ಡಿ.ಆರ್. 5 ರ‍್ಯಾಮ್ ಹಾಕಿದ ಯಂತ್ರ ಮೊದಲ ಸಲ ಕೆಲವು ನಿಮಿಷ ಕಪ್ಪು ಪರದೆ ತೋರಿಸಿಕೊಂಡು ಕೂರುವುದೂ ಉಂಟು. ರೋಗ ಅಲ್ಲ, ರ‍್ಯಾಮ್ ಜೊತೆ ಹೊಂದಿಕೊಳ್ಳುತ್ತಿದೆ ಅಷ್ಟೇ. ಅಷ್ಟು ತಾಳ್ಮೆ ನಮಗೆಲ್ಲಿದೆ?

ಇದು ಬರೀ ಗೀಕುಗಳ ಚರ್ಚೆ ಅಂದುಕೊಳ್ಳಬೇಡಿ. ಮಲೆನಾಡಿನ ನಮ್ಮೂರಲ್ಲಿ ಡಿ.ಟಿ.ಪಿ. ಮಾಡಿ ಬದುಕುವ ಅಣ್ಣ ಒಬ್ಬರಿದ್ದಾರೆ. ಮದುವೆ ಕಾಗದ, ಜಾತ್ರೆ ಕರಪತ್ರ, ತಿಥಿ ಕಾರ್ಡು. ಸರಿಯಾಗಿ ಮದುವೆ ಸೀಸನ್ನಿನಲ್ಲೇ ಅವರ ಕಂಪ್ಯೂಟರ್ ಹತ್ತು ನಿಮಿಷಕ್ಕೊಮ್ಮೆ ಆಫ್ ಆಗತೊಡಗಿತು. ಅಂಗಡಿಗೆ ಬಸ್ಸಿನಲ್ಲಿ ಹೊತ್ತೊಯ್ಯುವಷ್ಟರಲ್ಲಿ ಡಿಸ್‌ಪ್ಲೇಯೂ ಹೋಯಿತು. ಅಲ್ಲಿ ಮಾಮೂಲಿ ತೀರ್ಪು: ಬೋರ್ಡು ಹೋಗಿದೆ, ಈ ಬೋರ್ಡು ಈಗ ಬರಲ್ಲ, ಪ್ರೊಸೆಸರ್, ರ‍್ಯಾಮ್ ಎಲ್ಲ ಹೊಸದಾಗಬೇಕು, 15,000 ರೂಪಾಯಿ. “ಒಂದು ಸೀಸನ್ನಿನ ದುಡಿಮೆ ಮಾರಾಯ” ಅಂತ ಫೋನ್ ಮಾಡಿದರು. ಊರಿಗೆ ಹೋದವನು ಮುಚ್ಚಳ ತೆಗೆದು ನೋಡಿದರೆ, ಪ್ರೊಸೆಸರ್ ಮೇಲಿನ ಹೀಟ್ ಸಿಂಕಿನ ನಾಲ್ಕು ಪ್ಲಾಸ್ಟಿಕ್ ಕಾಲುಗಳಲ್ಲಿ ಒಂದು ಮುರಿದು, ಒಂದು ಮೂಲೆ ಎದ್ದು ನಿಂತಿತ್ತು. ಆಫ್ ಆಗುವ ರೋಗ ಅಲ್ಲಿ. ರ‍್ಯಾಮ್ ಕಡ್ಡಿ ಬಸ್ಸಿನ ಕುಲುಕಾಟಕ್ಕೆ ಸಡಿಲಾಗಿತ್ತು. ಡಿಸ್‌ಪ್ಲೇ ರೋಗ ಅಲ್ಲಿ. ಎರಡು ಬೇರೆ ಬೇರೆ ರೋಗ, ಎರಡಕ್ಕೂ ಬೋರ್ಡು ಕಾರಣವಲ್ಲ. ಹೊಸ ಕಾಲು, ಒಂದಿಷ್ಟು ಪೇಸ್ಟು, ರ‍್ಯಾಮ್ ತುದಿಗೆ ಮಕ್ಕಳ ರಬ್ಬರಿನ ಉಜ್ಜು. ಅದೇ ಯಂತ್ರದಲ್ಲಿ ಆ ಸೀಸನ್ನಿನ ಕಾಗದಗಳೆಲ್ಲ ಅಚ್ಚಿಗೆ ಹೋದವು.

ಬೋರ್ಡು ಸಾಯುವುದೇ ಇಲ್ಲ ಅಂತ ನಾನು ಹೇಳ್ತಿಲ್ಲ. 2000ದ ದಶಕದಲ್ಲಿ ಕಳಪೆ ಕೆಪಾಸಿಟರುಗಳಿಂದ ಜಗತ್ತಿನಾದ್ಯಂತ ರಾಶಿ ರಾಶಿ ಬೋರ್ಡುಗಳು ಸತ್ತವು. ಅಂಥ ಬೋರ್ಡುಗಳನ್ನು ಬದಲಿಸಿಕೊಡಲು ಡೆಲ್ ಕಂಪನಿ 2005ರಲ್ಲಿ 30 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಆದರೆ ಆಗಲೂ ಪುರಾವೆ ಇತ್ತು. ಕೆಪಾಸಿಟರಿನ ತಲೆ ಉಬ್ಬಿರುತ್ತಿತ್ತು, ಕಂದು ರಸ ಸೋರಿರುತ್ತಿತ್ತು. ಬೆರಳಿಟ್ಟು ತೋರಿಸಬಹುದಿತ್ತು. ನಾನು ಕೇಳುತ್ತಿರುವುದೂ ಅಷ್ಟೇ, ತೋರಿಸಿ.

ಇನ್ನು ನಮ್ಮ ಸರದಿ. ರಿಪೇರಿ ಹುಡುಗ ಒಂದು ಗಂಟೆ ಕೂತು, ಒಂದೊಂದೇ ಭಾಗ ತೆಗೆದು ಹಾಕಿ, ಸಡಿಲಾದ ವೈರು ಹುಡುಕಿಕೊಟ್ಟು 500 ರೂಪಾಯಿ ಕೇಳಿದರೆ ನಾವೇನಂತೀವಿ? “ವೈರು ಸಿಕ್ಕಿಸಿದ್ದಕ್ಕೆ 500ಆ?” ಅಂತೀವಿ. ಅದೇ ಹುಡುಗ 5,000ದ ಬೋರ್ಡು ಹಾಕಿದರೆ ತುಟಿಪಿಟಕ್ ಅನ್ನದೆ ಕೊಡ್ತೀವಿ, ಕೈಯಲ್ಲಿ ಡಬ್ಬ ಸಿಕ್ಕಿತಲ್ಲ! ತಲೆ ಓಡಿಸಿದ್ದಕ್ಕೆ ದುಡ್ಡಿಲ್ಲ, ಸಾಮಾನು ಮಾರಿದ್ದಕ್ಕೆ ದುಡ್ಡಿದೆ ಅಂತ ಅವನಿಗೆ ಕಲಿಸಿದವರು ಯಾರು? ತಮಾಷೆ ಅಂದರೆ, ಹೀಗೆ ಚೌಕಾಸಿ ಮಾಡುವ ನನ್ನ ಸಾಫ್ಟ್‌ವೇರ್ ಮಿತ್ರರು ಒಂದು ಸಾಲಿನ ಬಗ್ ಹುಡುಕಲು ಮೂರು ದಿನ ಕೂತು, ಮೂರು ದಿನದ ಸಂಬಳ ತಗೋತಾರೆ. ಅಲ್ಲಿ ಯಾರೂ “ಒಂದು ಕಾಮಾ ಹಾಕಿದ್ದಕ್ಕೆ ಇಷ್ಟಾ?” ಅನ್ನಲ್ಲ :)

ಕಾಲೇಜುಗಳೂ ಕಡಿಮೆ ಇಲ್ಲ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದೆ, 8086ಕ್ಕೆ ಪ್ರೋಗ್ರಾಂ ಬರೆದೆ. ಲ್ಯಾಬಿನಲ್ಲಿ ಒಂದು ಕಂಪ್ಯೂಟರ್ ಆನ್ ಆಗದಿದ್ದರೆ ಮಾತ್ರ ಸಿಗುತ್ತಿದ್ದ ಪಾಠ ಒಂದೇ: “ಪಕ್ಕದ್ದರಲ್ಲಿ ಕೂತ್ಕೊಳ್ರಿ”. ಕೆಟ್ಟ ಯಂತ್ರಕ್ಕಿಂತ ಒಳ್ಳೆಯ ಪಠ್ಯಪುಸ್ತಕ ಎಲ್ಲಿ ಸಿಗುತ್ತೆ? ಅದನ್ನು ಮೂಲೆಗೆ ತಳ್ಳಿ ಬೀಗ ಹಾಕ್ತಿದ್ದರು.

ಸರಕಾರ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು, 2023ರ ಏಪ್ರಿಲಿನಿಂದ ಹೊಸ ಇ-ತ್ಯಾಜ್ಯ ನಿಯಮ ಜಾರಿಗೆ ತಂದಿತು. ಒಳ್ಳೆಯದೇ. ಆದರೆ ಪರೀಕ್ಷೆಯನ್ನೇ ಮಾಡದೆ, ಬದುಕಿರುವ ಬೋರ್ಡನ್ನು ಸತ್ತಿದೆ ಅಂತ ಗುಜರಿಗೆ ಹಾಕಿದರೆ ಯಾವ ನಿಯಮ ಏನು ಮಾಡೀತು?

ಹಾಗಾಗಿ ಮುಂದಿನ ಸಲ ಆ ಮೂರು ಪದ ಕಿವಿಗೆ ಬಿದ್ದಾಗ ಮೂರು ಪ್ರಶ್ನೆ ಕೇಳಿ. ಬೇರೆ ಎಸ್.ಎಂ.ಪಿ.ಎಸ್. ಹಾಕಿ ನೋಡಿದಿರಾ? ರ‍್ಯಾಮ್ ತೆಗೆದರೆ ಬೀಪ್ ಬಂತಾ, ದೀಪ ಹತ್ತಿತಾ? ನನ್ನೆದುರಿಗೆ ಇನ್ನೊಮ್ಮೆ ಮಾಡಿ ತೋರಿಸ್ತೀರಾ? ತೋರಿಸಿದವನಿಗೆ, ಯಾವ ಸಾಮಾನೂ ಬದಲಿಸದಿದ್ದರೂ, ಕೇಳಿದಷ್ಟು ದುಡ್ಡು ಕೊಡಿ. ಮತ್ತೆ ಹಾರ್ಡ್ ಡಿಸ್ಕು ಬಿಚ್ಚಿ ನಿಮ್ಮ ಹತ್ತಿರವೇ ಇಟ್ಟುಕೊಂಡು ಬನ್ನಿ, ಡಿಸ್‌ಪ್ಲೇ ಬರಿಸಲು ಅದು ಬೇಕಾಗಿಲ್ಲ.

ಏನಂತೀರಿ?